ಕಟ್ಟಡ ಕೆಲಸ ತಡವಾಗಿದೆಯೇ? ಕಾರಣವನ್ನು ಬರೆದು ತಿಳಿಸೋಣ

ಹೊಸ ಚರ್ಚ್, ಶಾಲಾ ಕಟ್ಟಡ, ಸಮುದಾಯ ಭವನ ಎಂದು ನಮ್ಮ ಧರ್ಮಕೇಂದ್ರಗಳಲ್ಲಿ ಒಂದಲ್ಲ ಒಂದು ಕಾಮಗಾರಿ ನಡೆಯುತ್ತಲೇ ಇರುತ್ತದೆ. ಶಿಲಾನ್ಯಾಸದ ದಿನ ಘೋಷಿಸಿದ ಅವಧಿಯಲ್ಲೇ ಎಲ್ಲವೂ ಮುಗಿಯುವುದು ಅಪರೂಪ. ತಡವಾಗುವುದು ಅಪರಾಧವೇನಲ್ಲ. ಆದರೆ ತಡ ಏಕೆಂದು ಯಾರೂ ಹೇಳದಿದ್ದರೆ, ಭಾನುವಾರದ ಪೂಜೆ ಮುಗಿಸಿ ಅಂಗಳಕ್ಕೆ ಬಂದವರು ತಮಗೆ ತೋಚಿದ ಕಾರಣ ಹೇಳಿಕೊಳ್ಳುತ್ತಾರೆ. ಆ ಮಾತು ಒಮ್ಮೆ ಹಬ್ಬಿದ ಮೇಲೆ ನಿಜವಾದ ಕಾರಣವೂ ನೆಪದಂತೆ ಕೇಳಿಸುತ್ತದೆ.

ಆದ್ದರಿಂದ ಧರ್ಮಗುರುಗಳು, ಪಾಲನಾ ಮಂಡಳಿ ಮತ್ತು ಕಟ್ಟಡ ಸಮಿತಿಯವರು ವಿಳಂಬದ ಕಾರಣವನ್ನು ಬರವಣಿಗೆಯಲ್ಲಿ ತಿಳಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲು ಬಯಸುತ್ತೇವೆ.

ಇದು ಬರೀ ಸೌಜನ್ಯವಲ್ಲ

1983ರ ಧರ್ಮಸಭೆಯ ಕಾನೂನು ಸಂಹಿತೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಒಂದು ಉದ್ದೇಶಕ್ಕೆಂದು ಭಕ್ತರು ಕೊಟ್ಟ ಕಾಣಿಕೆಯನ್ನು ಅದೇ ಉದ್ದೇಶಕ್ಕೆ ಬಳಸಬೇಕು ಎನ್ನುತ್ತದೆ 1267ನೇ ಕಲಮು. ಭಕ್ತರು ಕೊಟ್ಟದ್ದರ ಲೆಕ್ಕವನ್ನು ಭಕ್ತರಿಗೇ ಒಪ್ಪಿಸಬೇಕು ಎನ್ನುತ್ತದೆ 1287ನೇ ಕಲಮು. ಕಟ್ಟಡ ನಿಧಿಗೆ ಕೊಲ್ಲಿ ರಾಷ್ಟ್ರದಿಂದ ದೊಡ್ಡ ಮೊತ್ತ ಕಳುಹಿಸಿದವರೂ, ಬೀಡಿ ಕಟ್ಟಿ ತಿಂಗಳಿಗೆ ನೂರು ರೂಪಾಯಿ ಕೊಟ್ಟ ತಾಯಿಯೂ ಈ ಲೆಕ್ಕಕ್ಕೆ ಸಮಾನ ಹಕ್ಕುದಾರರು. ತಮ್ಮ ಹಣ ಏಕೆ ಇನ್ನೂ ಗೋಡೆಯ ಎತ್ತರದಲ್ಲೇ ನಿಂತಿದೆ ಎಂದು ತಿಳಿಯುವುದೂ ಆ ಲೆಕ್ಕದ ಒಂದು ಭಾಗ.

ಮಳೆ ಕಾರಣವೇ?

ನಮ್ಮ ಪತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ಸಾಲು, "ಮಳೆಯಿಂದಾಗಿ ಕೆಲಸ ತಡವಾಯಿತು" ಎಂಬುದು. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬರುವುದು ಎಲ್ಲರಿಗೂ ಗೊತ್ತು. ಪ್ರತಿ ವರ್ಷ ಬರುವುದನ್ನು ಅನಿರೀಕ್ಷಿತ ಎನ್ನಲಾಗದು. ಅದನ್ನು ಮೊದಲ ವೇಳಾಪಟ್ಟಿಯಲ್ಲೇ ಸೇರಿಸಿರಬೇಕು.

ಆದರೂ ಮಳೆಗಾಲದ ಅಂಚಿನಲ್ಲಿ ಸಣ್ಣ ವಿಳಂಬ ದೊಡ್ಡದಾಗುತ್ತದೆ. ಮೇ ತಿಂಗಳಲ್ಲಿ ಬೀಳಬೇಕಾದ ಸ್ಲ್ಯಾಬ್ ಮೂರು ವಾರ ಹಿಂದೆ ಬಿದ್ದರೆ ಜೂನ್ ಬಂದುಬಿಡುತ್ತದೆ. ಜಡಿಮಳೆಗೆ ಹಸಿ ಕಾಂಕ್ರೀಟಿನ ಸಿಮೆಂಟ್ ತೊಳೆದು ಹೋಗಬಹುದು. ಸೆಂಟ್ರಿಂಗ್ ಕಂಬಗಳ ಕೆಳಗಿನ ಮಣ್ಣು ಕುಸಿಯಬಹುದು. ಭಾರತೀಯ ಮಾನಕ 456ರ ಪ್ರಕಾರ ನಾಲ್ಕೂವರೆ ಮೀಟರಿಗಿಂತ ಹೆಚ್ಚು ಅಗಲದ ಸ್ಲ್ಯಾಬಿನ ಕೆಳಗಿನ ಆಧಾರವನ್ನು ಕನಿಷ್ಠ 14 ದಿನ, ಆರು ಮೀಟರಿಗಿಂತ ಉದ್ದದ ಬೀಮಿನ ಕೆಳಗಿನದನ್ನು ಕನಿಷ್ಠ 21 ದಿನ ತೆಗೆಯುವಂತಿಲ್ಲ. ಹಾಗಾಗಿ ಮೂರು ವಾರದ ತಡ ನಾಲ್ಕೈದು ತಿಂಗಳಾಗುತ್ತದೆ. ಜನರಿಗೆ ತಿಳಿಯಬೇಕಾದದ್ದು ಆ ಮೊದಲ ಮೂರು ವಾರ ಏಕೆ ಹೋಯಿತು ಎಂಬುದು.

ನಿಜವಾದ ಕಾರಣವನ್ನೇ ಬರೆಯಿರಿ

ಕಾರಣಗಳು ಹಲವು ಇರುತ್ತವೆ. ಕರಾವಳಿ ನಿಯಂತ್ರಣ ವಲಯದ ನಿರ್ಬಂಧಗಳಿಂದ ನದಿ ಮರಳು ಸಿಗದೆ ಕೆಲಸ ನಿಲ್ಲುವುದುಂಟು. 2020ರ ಮಾರ್ಚ್ 25ರ ಲಾಕ್‌ಡೌನಿನ ನಂತರ ಹೊರರಾಜ್ಯದ ಕಾರ್ಮಿಕರು ಊರಿಗೆ ಮರಳಿದಾಗ ಅನೇಕ ಕಾಮಗಾರಿಗಳು ನಿಂತವು. ಅದೇ ವರ್ಷ ವಿದೇಶಿ ದೇಣಿಗೆ ಕಾಯಿದೆಗೆ ತಿದ್ದುಪಡಿಯಾಯಿತು. ವಿದೇಶಿ ನೆರವನ್ನು ನವದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಯಲ್ಲೇ ಪಡೆಯಬೇಕಾಯಿತು. ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ ಎಂದಾಯಿತು. ಇಂಥ ನೆರವನ್ನು ನಂಬಿದ್ದ ಯೋಜನೆಗಳಿಗೆ ಇದು ತೊಡಕಾಯಿತು.

ಇವು ನಮ್ಮ ಕೈಮೀರಿದವು. ಆದರೆ ಕೆಲಸದ ನಡುವೆ ಸಮಿತಿಯೇ ನಕ್ಷೆ ಬದಲಿಸಿದ್ದರೆ ಹಾಗೆಂದೇ ಬರೆಯಬೇಕು. ವಾಗ್ದಾನದ ಹಣ ಬಾರದೆ ಗುತ್ತಿಗೆದಾರರ ಬಿಲ್ಲು ಬಾಕಿಯಿದ್ದರೆ ಅದನ್ನು ಮಳೆಯ ಮೇಲೆ ಹಾಕಬಾರದು. ಗುತ್ತಿಗೆದಾರರೊಂದಿಗೆ ಭಿನ್ನಾಭಿಪ್ರಾಯವಿದ್ದರೆ ದಿನಾಂಕ ಮತ್ತು ಸಂಗತಿಯನ್ನಷ್ಟೇ ಬರೆದು ನಿಂದೆಯ ಮಾತನ್ನು ಬಿಡಬೇಕು. ಆ ಪತ್ರ ಮುಂದೆ ನ್ಯಾಯಾಲಯಕ್ಕೂ ಹೋಗಬಹುದು.

ಹಣದ ಕಾರಣ ಹೇಳಲು ನಾಚಬೇಕಿಲ್ಲ. ಬಾರ್ಸಿಲೋನಾದ ಸಗ್ರಾದ ಫಮಿಲಿಯ ಬಸಿಲಿಕದ ಕೆಲಸ ಆರಂಭವಾದದ್ದು 1882ರಲ್ಲಿ. ಶಿಲ್ಪಿ ಗೌಡಿ ಅವರು ತೀರಿಕೊಂಡು ನೂರು ವರ್ಷವಾಗುವ 2026ಕ್ಕೆ ಮುಗಿಸುವ ಗುರಿಯಿತ್ತು. ಸಂದರ್ಶಕರ ಪ್ರವೇಶ ಶುಲ್ಕವೇ ಅಲ್ಲಿನ ಮುಖ್ಯ ಆದಾಯ. ಮಹಾಮಾರಿಯಿಂದ ಅದು ನಿಂತಾಗ, 2026ರ ಗುರಿ ಸಾಧ್ಯವಿಲ್ಲ ಎಂದು 2020ರ ಸೆಪ್ಟೆಂಬರಿನಲ್ಲಿ ನಿರ್ಮಾಣ ಮಂಡಳಿ ಬಹಿರಂಗವಾಗಿ ಹೇಳಿತು. ಇದ್ದ ಹಣದಲ್ಲಿ ಮಾತೆ ಮರಿಯಮ್ಮನವರ ಗೋಪುರದ ಕೆಲಸ ಮುಂದುವರಿಸಿ 2021ರ ಡಿಸೆಂಬರಿನಲ್ಲಿ ಪೂರ್ಣಗೊಳಿಸಿತು. ಯಾವುದು ಆಗದು ಎಂಬುದರ ಜೊತೆಗೆ ಯಾವುದು ಆಗುತ್ತದೆ ಎಂಬುದನ್ನೂ ಹೇಳಿದರೆ ಜನ ನಂಬುತ್ತಾರೆ.

ಅಡಚಣೆ ಪುಸ್ತಕ

ಆರು ತಿಂಗಳ ಬಳಿಕ ನೆನಪಿನಿಂದ ಬರೆದ ಕಾರಣಕ್ಕೆ ತೂಕವಿಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆಯ ಕಾಮಗಾರಿಗಳಲ್ಲಿ ಹಿಂಡ್ರೆನ್ಸ್ ರಿಜಿಸ್ಟರ್ ಇಡುವ ಪದ್ಧತಿ ಇದೆ. ಅಡಚಣೆ ಯಾವುದು, ಎಂದು ಶುರುವಾಯಿತು, ಎಂದು ನೀಗಿತು, ಎಷ್ಟು ದಿನ ಹೋಯಿತು ಎಂದು ಅದರಲ್ಲಿ ಆಗಾಗಲೇ ಬರೆಯುತ್ತಾರೆ. ಒಂದೇ ವಾರ ಮರಳೂ ಇರಲಿಲ್ಲ, ಕಾರ್ಮಿಕರೂ ಇರಲಿಲ್ಲ ಎಂದರೆ ಅದು ಏಳೇ ದಿನ, ಹದಿನಾಲ್ಕಲ್ಲ. ನಮ್ಮ ಸಮಿತಿಗಳಿಗೆ ಇನ್ನೂರು ಪುಟದ ಒಂದು ನೋಟ್ ಪುಸ್ತಕ ಸಾಕು. ಎಂಜಿನಿಯರರೂ ಸಮಿತಿಯ ಕಾರ್ಯದರ್ಶಿಯೂ ಅದಕ್ಕೆ ಸಹಿ ಹಾಕಲಿ.

ಪತ್ರ ಹೀಗಿರಲಿ

ಒಂದು ಕಾಲ್ಪನಿಕ ಮಾದರಿಯನ್ನು ಕೊಡುತ್ತಿದ್ದೇವೆ:

"ಪ್ರಿಯ ಕ್ರೈಸ್ತ ಬಂಧುಗಳೇ, ಡಿಸೆಂಬರಿನಲ್ಲಿ ಮುಗಿಯಬೇಕಿದ್ದ ನಮ್ಮ ಭವನ ಮುಂದಿನ ಮೇ ತಿಂಗಳಲ್ಲಿ ಮುಗಿಯಲಿದೆ. ಏಪ್ರಿಲ್ 10ಕ್ಕೆ ಬರಬೇಕಿದ್ದ ಮರಳು ಮೇ 5ಕ್ಕೆ ಬಂದುದರಿಂದ 25 ದಿನ ಕೆಲಸ ನಿಂತಿತು. ಮೇ 8ರ ಸ್ಲ್ಯಾಬ್ ಜೂನ್ 2ಕ್ಕೆ ಹೋಗುತ್ತಿತ್ತು. ಮಳೆಯಲ್ಲಿ ಹಾಕುವುದು ಬೇಡವೆಂದು ಎಂಜಿನಿಯರರು ಲಿಖಿತ ಸಲಹೆ ನೀಡಿದ್ದರಿಂದ ಅಕ್ಟೋಬರ್ ಮೊದಲ ವಾರಕ್ಕೆ ಮುಂದೂಡಿದ್ದೇವೆ. ಸೆಂಟ್ರಿಂಗ್ ಸಾಮಗ್ರಿಯ ಬಾಡಿಗೆ ಉಳಿಸಲು ಅದನ್ನು ಹಿಂತಿರುಗಿಸಿದ್ದೇವೆ. ಈವರೆಗಿನ ಖರ್ಚು ಮತ್ತು ಬ್ಯಾಂಕಿನಲ್ಲಿ ಉಳಿದ ಹಣದ ವಿವರ ಲಗತ್ತಿಸಿದೆ. ಮುಂದಿನ ವರದಿಯನ್ನು ನವೆಂಬರ್ ಮೊದಲ ಭಾನುವಾರ ಕೊಡುತ್ತೇವೆ."

ಹೊಸ ದಿನಾಂಕ, ಕಾರಣ, ಹೋದ ದಿನಗಳು, ಹಣದ ಸ್ಥಿತಿ, ಮುಂದಿನ ವರದಿಯ ದಿನ, ಇಷ್ಟಿದ್ದರೆ ಸಾಕು. "ಕಾರಣಾಂತರಗಳಿಂದ" ಎಂಬ ಪದ ಮಾತ್ರ ಬೇಡ. ಪತ್ರವನ್ನು ಪೂಜೆಯ ಕೊನೆಯಲ್ಲಿ ಓದಿಸಿ, ಸೂಚನಾ ಫಲಕದಲ್ಲಿ ಹಾಕಿ, ಗುರಿಕಾರರ ಮೂಲಕ ಪ್ರತಿ ವಾಳೆಗೂ ತಲುಪಿಸಿ. ದೂರದ ದಾನಿಗಳಿಗೂ ಅದೇ ಪತ್ರ ಹೋಗಲಿ. ಊರಿನವರಿಗೊಂದು ಕಾರಣ, ದಾನಿಗಳಿಗೊಂದು ಕಾರಣ ಆಗಬಾರದು. ಧರ್ಮಾಧ್ಯಕ್ಷರ ಕಚೇರಿಗೂ ಒಂದು ಪ್ರತಿ ಕಳುಹಿಸಿ.

ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿ, ಖರ್ಚಿನ ಲೆಕ್ಕ ಹಾಕದೆ ಗೋಪುರಕ್ಕೆ ಕೈಹಾಕುವವನು ನೋಡುವವರ ಹಾಸ್ಯಕ್ಕೆ ಗುರಿಯಾಗುವ ಸಾಮತಿ ನಮಗೆಲ್ಲ ತಿಳಿದಿದೆ. ಲೆಕ್ಕ ಹಾಕಿ ಶುರುಮಾಡಿದ ಕೆಲಸವೂ ನಡುವೆ ನಿಲ್ಲಬಹುದು. ಆಗ ಆ ಲೆಕ್ಕವನ್ನು ಮತ್ತೊಮ್ಮೆ ಹಾಕಿ ಜನರ ಮುಂದಿಡುವ ಧೈರ್ಯ ನಮ್ಮ ಎಲ್ಲ ಸಮಿತಿಗಳಿಗೂ ಇರಲಿ ಎಂದು ಹಾರೈಸುತ್ತೇವೆ.