ಹಟ್ಟಿ ತೊಳೆದ ನೀರಿನ ನಾಡಿ ಹಿಡಿಯುವ ಸೆನ್ಸರ್

ನಮ್ಮ ಮನೆಯಲ್ಲಿ ಎರಡು ದನಗಳಿವೆ. ಹಟ್ಟಿ ತೊಳೆದ ನೀರು ತೆಂಗಿನ ಬುಡಕ್ಕೆ ಹೋಗುತ್ತದೆ, ಮರಗಳು ಅದನ್ನು ಹೀರಿಕೊಳ್ಳುತ್ತವೆ. ನೂರು ಹಸುಗಳಿರುವ ಡೇರಿ ಫಾರ್ಮಿನ ಲೆಕ್ಕವೇ ಬೇರೆ. ಒಂದು ದೊಡ್ಡ ಹಸು ದಿನಕ್ಕೆ ಸುಮಾರು 15ರಿಂದ 20 ಕಿಲೋ ಸಗಣಿ ಹಾಕುತ್ತದೆ. ಅಂದರೆ ನೂರು ಹಸುಗಳಿಂದ ದಿನಕ್ಕೆ ಒಂದೂವರೆಯಿಂದ ಎರಡು ಟನ್! ಸಗಣಿಯನ್ನು ಬಾಚಿ ಗೊಬ್ಬರಕ್ಕೋ ಗೋಬರ್ ಗ್ಯಾಸಿಗೋ ಹಾಕಿದರೂ ಗಂಜಲ ಬೆರೆತ ನೀರು ಉಳಿದೇ ಉಳಿಯುತ್ತದೆ. ಈ ನೀರನ್ನು ಶುದ್ಧಗೊಳಿಸಲು ಸೆನ್ಸರ್‌ಗಳು ಹೇಗೆ ನೆರವಾಗುತ್ತವೆ ಎಂಬುದನ್ನು ನಾವು ಪಿಯುಸಿಯಲ್ಲಿ ಕಲಿಯುವ ಪಾಠಗಳ ಸಹಾಯದಿಂದಲೇ ವಿವರಿಸುತ್ತೇನೆ.

ಅಪಾಯ ಎಲ್ಲಿದೆ?

ಗಂಜಲದಲ್ಲಿರುವ ಯೂರಿಯಾ ಬೇಗನೆ ಅಮೋನಿಯಾ ಆಗುತ್ತದೆ. ಅದು ತೋಡಿಗೆ ಸೇರಿದರೆ ಮೀನುಗಳಿಗೆ ವಿಷ. ಮಣ್ಣಿನಲ್ಲಿ ಅದೇ ಅಮೋನಿಯಾ ನೈಟ್ರೇಟ್ ಆಗಿ ನೀರಿನ ಜೊತೆ ಕೆಳಗಿಳಿದು ಬಾವಿಯನ್ನು ಸೇರಬಹುದು. 1945ರಲ್ಲಿ ಅಮೆರಿಕದ ಅಯೋವಾದ ವೈದ್ಯ ಹಂಟರ್ ಕಾಮ್ಲಿ, ಹಸುಗೂಸುಗಳ ಮೈ ನೀಲಿಗಟ್ಟುವುದಕ್ಕೂ ಹೊಲದ ಮನೆಗಳ ಬಾವಿ ನೀರಿನಲ್ಲಿದ್ದ ನೈಟ್ರೇಟಿಗೂ ಸಂಬಂಧವಿದೆಯೆಂದು ತೋರಿಸಿದರು. ನೈಟ್ರೇಟ್ ಮಗುವಿನ ಹೊಟ್ಟೆಯಲ್ಲಿ ನೈಟ್ರೈಟ್ ಆಗುತ್ತದೆ. ಆಗ ಹಿಮೋಗ್ಲೋಬಿನ್ ಆಮ್ಲಜನಕ ಸಾಗಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಭಾರತದಲ್ಲಿ ಕುಡಿಯುವ ನೀರಿನ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ನೆನಪಿಡಿ, ನೀರನ್ನು ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ.

ಕೆಲಸ ಮಾಡುವವು ಬ್ಯಾಕ್ಟೀರಿಯಾ

ಶುದ್ಧೀಕರಣದ ಟ್ಯಾಂಕಿಗೆ ಬ್ಲೋವರ್ ಮೂಲಕ ಗಾಳಿ ಊದಿದಾಗ ನೈಟ್ರೊಸೊಮೊನಾಸ್ ಮುಂತಾದ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿ, ಬೇರೆ ಕೆಲವು ಅದನ್ನು ನೈಟ್ರೇಟ್ ಆಗಿ ಬದಲಾಯಿಸುತ್ತವೆ. ಗಾಳಿ ನಿಲ್ಲಿಸಿದರೆ ಮತ್ತೊಂದು ಗುಂಪಿನ ಬ್ಯಾಕ್ಟೀರಿಯಾಗಳ ಸರದಿ. ಅವು ನೈಟ್ರೇಟಿನಲ್ಲಿರುವ ಆಮ್ಲಜನಕವನ್ನು ಬಳಸಿಕೊಂಡು ಸಾರಜನಕವನ್ನು ಅನಿಲವಾಗಿ ಬಿಟ್ಟುಬಿಡುತ್ತವೆ. ನಾವು ಉಸಿರಾಡುವ ಗಾಳಿಯ ಶೇ. 78 ಭಾಗ ಇದೇ ಅನಿಲ.

ಬ್ಲೋವರನ್ನು ಎಷ್ಟು ಹೊತ್ತು ನಡೆಸಬೇಕು? ಇದೇ ಮುಖ್ಯ ಪ್ರಶ್ನೆ. ಬೇಗ ನಿಲ್ಲಿಸಿದರೆ ಅಮೋನಿಯಾ ಉಳಿಯುತ್ತದೆ, ತಡವಾದರೆ ಕರೆಂಟು ದಂಡ. ಬರುವ ನೀರು ದಿನವೂ ಒಂದೇ ತರಹ ಇರುವುದಿಲ್ಲವಾದ್ದರಿಂದ ಟೈಮರ್ ಸಾಲದು. ಲ್ಯಾಬಿಗೆ ಕಳಿಸೋಣವೆಂದರೆ, ನಮ್ಮ ದೇಶದಲ್ಲಿ ಬಿಒಡಿ ಪರೀಕ್ಷೆಗೆ 27 ಡಿಗ್ರಿ ಉಷ್ಣಾಂಶದಲ್ಲಿ 3 ದಿನ ಬೇಕು. ಅಷ್ಟರಲ್ಲಿ ಆ ನೀರು ತೋಡು ದಾಟಿರುತ್ತದೆ.

ಪಿಎಚ್ ಗೆರೆ ಹೇಳುವ ಕಥೆ

ಅಮೋನಿಯಾವನ್ನು ನೇರವಾಗಿ ಅಳೆಯುವ ಸೆನ್ಸರ್‌ಗಳಿವೆ. ನನಗೆ ಹೆಚ್ಚು ಇಷ್ಟವಾದದ್ದು ನಮ್ಮ ಲ್ಯಾಬಿನಲ್ಲೂ ಇರುವ ಪಿಎಚ್ ಎಲೆಕ್ಟ್ರೋಡಿನ ಉಪಾಯ. ಅಮೋನಿಯಾ ನೈಟ್ರೈಟ್ ಆಗುವಾಗ ಹೈಡ್ರೋಜನ್ ಅಯಾನುಗಳು ಬಿಡುಗಡೆಯಾಗಿ ಪಿಎಚ್ ಇಳಿಯುತ್ತಾ ಹೋಗುತ್ತದೆ. ಅಮೋನಿಯಾ ಮುಗಿದೊಡನೆ ಆಮ್ಲದ ಉತ್ಪಾದನೆ ನಿಲ್ಲುತ್ತದೆ. ಆದರೆ ಊದುವ ಗಾಳಿ ನೀರಿನಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಹೊರಹಾಕುತ್ತಲೇ ಇರುವುದರಿಂದ ಪಿಎಚ್ ಮೇಲಕ್ಕೆ ತಿರುಗುತ್ತದೆ. ಗ್ರಾಫಿನಲ್ಲಿ ಕಾಣುವ ಈ ತಗ್ಗಿಗೆ ‘ಅಮೋನಿಯಾ ಕಣಿವೆ’ ಎಂದು ಹೆಸರು. ಅದೇ ಹೊತ್ತಿಗೆ ಕರಗಿದ ಆಮ್ಲಜನಕದ ಸೆನ್ಸರ್ ಕೂಡ ಥಟ್ಟನೆ ಏರಿಕೆ ತೋರಿಸುತ್ತದೆ, ಏಕೆಂದರೆ ಆಮ್ಲಜನಕವನ್ನು ಬಳಸುವವರು ಕಡಿಮೆಯಾಗಿದ್ದಾರೆ.

ಕಂಟ್ರೋಲರ್ ಇಲ್ಲಿ ಹುಡುಕುವುದು ಗೆರೆಯ ಇಳಿಜಾರು ಏರಾಗುವ ಬಿಂದುವನ್ನು. ಗಣಿತದಲ್ಲಿ ನಾವು ಕಲಿಯುವ ಡೆರಿವೇಟಿವ್ ಇದೇ! ಎಲೆಕ್ಟ್ರೋಡ್ ಸ್ವಲ್ಪ ತಪ್ಪು ಅಂಕಿ ತೋರಿಸಿದರೂ ತಿರುವು ಮಾತ್ರ ಸಿಕ್ಕೇ ಸಿಗುತ್ತದೆ. ಆಗ ಬ್ಲೋವರ್ ತಾನಾಗಿ ನಿಲ್ಲುತ್ತದೆ.

ಮನುಷ್ಯನ ಕೆಲಸ ತಪ್ಪಿದ್ದಲ್ಲ

ಸೆನ್ಸರ್ ನೀರನ್ನು ಶುದ್ಧ ಮಾಡುವುದಿಲ್ಲ, ಯಾವಾಗ ಏನು ಮಾಡಬೇಕೆಂದು ಹೇಳುತ್ತದೆ ಅಷ್ಟೆ. ಸಗಣಿ ನೀರಿನಲ್ಲಿ ಮುಳುಗಿರುವ ಎಲೆಕ್ಟ್ರೋಡಿನ ಮೇಲೆ ಲೋಳೆ ಕಟ್ಟುತ್ತದೆ. ಅದನ್ನು ಆಗಾಗ ತೊಳೆದು, ಪಿಎಚ್ 4 ಮತ್ತು 7ರ ಬಫರ್ ದ್ರಾವಣಗಳಲ್ಲಿ ಸರಿಹೊಂದಿಸದಿದ್ದರೆ ಕೊನೆಗೆ ಕಣಿವೆಯೇ ಕಾಣದಾಗುತ್ತದೆ. ತೊಳೆಯುವ ಮೊದಲು ಸಗಣಿಯನ್ನು ಚೆನ್ನಾಗಿ ಬಾಚುವುದಕ್ಕೆ ಯಾವ ಸೆನ್ಸರೂ ಬದಲಿಯಲ್ಲ. ಟ್ಯಾಂಕಿಗೆ ಕಡಿಮೆ ಕೊಳೆ ಬಂದಷ್ಟೂ ಬ್ಯಾಕ್ಟೀರಿಯಾಗಳ ಹೊರೆ ಕಡಿಮೆ.

ಮುಂದಿನ ಪ್ರಾಕ್ಟಿಕಲ್ ತರಗತಿಯಲ್ಲಿ ಪಿಎಚ್ ಮೀಟರ್ ಕೈಗೆ ಬಂದಾಗ ಬರಿಯ ಅಂಕಿ ಬರೆದುಕೊಂಡು ಸುಮ್ಮನಾಗಬೇಡಿ. ಅದು ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ. ಒಂದು ಊರಿನ ಬಾವಿ ನೀರನ್ನು ಕಾಯುವ ಸುದ್ದಿ ಆ ಏರಿಳಿತದಲ್ಲಿ ಇರಬಹುದು.