ಹಸಿರು ಚುಕ್ಕಿಯ ಬಿಸ್ಕತ್ತಿನಲ್ಲಿ ಹಾಲಿದೆಯೆ?

ಬೈಲಹೊಂಗಲ: ಬಿಸ್ಕತ್ತು, ಖಾರಿ, ಟೋಸ್ಟ್, ಬ್ರೆಡ್ಡುಗಳನ್ನು ಗಾಜಿನ ಭರಣಿಯಿಂದ ಎಣಿಸಿ, ಹಳೆಯ ಪತ್ರಿಕೆಯ ಹಾಳೆಯಲ್ಲಿ ಕಟ್ಟಿಕೊಡುತ್ತಿದ್ದ ಕಾಲದಲ್ಲಿ ಗ್ರಾಹಕರಿಗೆ ಇದ್ದುದು ಒಂದೇ ಪ್ರಶ್ನೆ: ‘ಇದರಾಗ ತತ್ತಿ ಐತೇನ್ರಿ?’ ಅಂಗಡಿಯವರು ಹೇಳಿದ್ದೇ ಉತ್ತರ. ಈಗ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿಯೂ ಬೇಕರಿ ತಿನಿಸುಗಳ ಬಹುಭಾಗ ಬಣ್ಣದ ಪೊಟ್ಟಣಗಳಲ್ಲಿ ಬರುತ್ತದೆ. ಗ್ರಾಹಕರೇ ಸಾಲಿನಿಂದ ಎತ್ತಿಕೊಂಡು, ಮೂಲೆಯಲ್ಲಿ ಹಸಿರು ಚುಕ್ಕಿ ಇದೆಯೇ ಎಂದು ನೋಡಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಅದರ ಪಕ್ಕದಲ್ಲಿಯೇ ‘ಎಗ್‌ಲೆಸ್’, ‘100% ವೆಜ್’, ‘ಪ್ಲಾಂಟ್ ಬೇಸ್ಡ್’, ‘ವೀಗನ್’ ಎಂಬ ಪದಗಳೂ ಕಾಣಿಸಿಕೊಳ್ಳತೊಡಗಿವೆ. ಇವೆಲ್ಲವೂ ಒಂದೇ ಅರ್ಥದವು ಎಂದು ತಿಳಿದವರೇ ಹೆಚ್ಚು. ಆದರೆ ಇವುಗಳಲ್ಲಿ ಯಾವ ಎರಡಕ್ಕೂ ಅರ್ಥ ಒಂದೇ ಅಲ್ಲ.

ತಿಳಿದುಕೊಳ್ಳಬೇಕಾದ ಮೊದಲ ಸಂಗತಿ ಇದು: ಹಸಿರು ಚುಕ್ಕಿ ಇದೆ ಎಂದ ಮಾತ್ರಕ್ಕೆ ಒಳಗೆ ಹಾಲಿಲ್ಲ ಎಂದು ಅರ್ಥವಲ್ಲ. ಜೇನಿಲ್ಲ ಎಂದೂ ಅಲ್ಲ. ಆ ಚುಕ್ಕಿ ಹಾಲಿನ ಬಗ್ಗೆ ಏನನ್ನೂ ಹೇಳುವುದೇ ಇಲ್ಲ.

ಚುಕ್ಕಿ ಹೇಳುವುದೇನು?

ಚೌಕದೊಳಗಿನ ಹಸಿರು ವೃತ್ತ ನಮ್ಮ ದೇಶದ ಪೊಟ್ಟಣಗಳ ಮೇಲೆ ಬಂದದ್ದು 2001ರಲ್ಲಿ, ಆಗ ಜಾರಿಯಲ್ಲಿದ್ದ ಆಹಾರ ಕಲಬೆರಕೆ ತಡೆ ನಿಯಮಗಳಿಗೆ ಮಾಡಿದ ತಿದ್ದುಪಡಿಯ ಮೂಲಕ. ಮಾಂಸಾಹಾರವನ್ನು ಸೂಚಿಸುವ ಕಂದು ಗುರುತಿನ ನಿಯಮ ಅದಕ್ಕೂ ಮೊದಲು, 2000ದಲ್ಲಿಯೇ ಬಂದಿತ್ತು. ಮುಂದೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಹಳೆಯ ಕಾನೂನಿನ ಸ್ಥಾನವನ್ನು ಪಡೆಯಿತು. ಈಗ ಅನ್ವಯವಾಗುವುದು ಅದರಡಿ ರಚಿತವಾದ 2020ರ ಲೇಬಲ್ ನಿಯಮಗಳು. ಕೆಂಪು, ಹಸಿರು ಬಣ್ಣಗಳ ವ್ಯತ್ಯಾಸ ತಿಳಿಯದ ವರ್ಣಾಂಧರಿಗೆ ಅನುಕೂಲವಾಗಲೆಂದು ಕಂದು ವೃತ್ತವನ್ನು ಕಂದು ತ್ರಿಕೋನವಾಗಿ ಬದಲಿಸಿದ್ದೂ ಈ ನಿಯಮಗಳೇ.

ಈ ನಿಯಮಗಳಲ್ಲಿ ವ್ಯಾಖ್ಯಾನವಿರುವುದು ಮಾಂಸಾಹಾರಕ್ಕೆ. ಅದರ ಹೊರಗೆ ಉಳಿದದ್ದೆಲ್ಲ ಸಸ್ಯಾಹಾರ. ಪ್ರಾಣಿ, ಪಕ್ಷಿ, ಕೀಟ, ಜಲಚರಗಳ ದೇಹದ ಯಾವುದೇ ಭಾಗ, ಮೊಟ್ಟೆ ಹಾಗೂ ಪ್ರಾಣಿಮೂಲದ ಯಾವುದೇ ಉತ್ಪನ್ನ ಸೇರಿದ್ದರೆ ಅದು ಮಾಂಸಾಹಾರ. ಇಷ್ಟು ಹೇಳಿದ ಬಳಿಕ ನಿಯಮ ಕೆಲವು ವಿನಾಯಿತಿಗಳನ್ನು ಕೊಡುತ್ತದೆ: ಹಾಲು, ಹಾಲಿನ ಉತ್ಪನ್ನಗಳು, ಜೇನು, ಜೇನುಮೇಣ, ಕಾರ್ನೌಬಾ ಮೇಣ ಮತ್ತು ಅರಗು. ಕಾರ್ನೌಬಾ ಮೇಣ ತಾಳೆಜಾತಿಯ ಮರದ ಎಲೆಯಿಂದ ಬರುವುದರಿಂದ ಅದನ್ನು ಬಿಡೋಣ. ಅರಗು ಮಾತ್ರ ಕೀಟದ ಸ್ರಾವ. ಮಿಠಾಯಿಗಳ ಮೇಲಿನ ಹೊಳಪಿಗಾಗಿ ಅದನ್ನು ಬಳಸುತ್ತಾರೆ. ಪಟ್ಟಿಯಲ್ಲಿ ಅದರ ಸಂಖ್ಯೆ 904.

ಈ ವಿನಾಯಿತಿ ನಮ್ಮ ಊಟದ ರೂಢಿಗೆ ಹೊಂದಿಕೊಂಡೇ ಬಂದದ್ದು. ‘ಶುದ್ಧ ಶಾಖಾಹಾರಿ’ ಎಂಬ ಫಲಕವಿರುವ ನಮ್ಮ ಖಾನಾವಳಿಗಳಲ್ಲಿ ಮೊಸರು, ಮಜ್ಜಿಗೆ, ತುಪ್ಪ ಇಲ್ಲದ ಊಟವನ್ನು ಕಲ್ಪಿಸಿಕೊಳ್ಳುವುದೇ ಕಷ್ಟ. ಬೆಳಗಾವಿಯ ಕುಂದಾ, ಧಾರವಾಡದ ಪೇಢೆ ಎರಡೂ ಹಾಲಿನವೇ. ಹೀಗಿರುವಾಗ ಹಾಲನ್ನು ಸಸ್ಯಾಹಾರದಿಂದ ಹೊರಗಿಡುವ ವಿಚಾರ ಕಾನೂನು ಮಾಡಿದವರಿಗೆ ಹೊಳೆಯದಿದ್ದುದರಲ್ಲಿ ಆಶ್ಚರ್ಯವಿಲ್ಲ.

‘ವೀಗನ್’ ಎಂಬ ಪದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಅಲ್ಲಿನ ಸಸ್ಯಾಹಾರಿಗಳಲ್ಲಿ ಹಾಲು ಮತ್ತು ಮೊಟ್ಟೆಯನ್ನೂ ತ್ಯಜಿಸಿದ ಒಂದು ಗುಂಪು ತನಗೆ ಬೇರೆ ಹೆಸರು ಬೇಕೆಂದು ಅದನ್ನು ರೂಪಿಸಿಕೊಂಡಿತು. ಕನ್ನಡದಲ್ಲಿ ಅದಕ್ಕೆ ಇನ್ನೂ ನೆಲೆನಿಂತ ಪದವಿಲ್ಲ. ಕೆಲವರು ‘ಶುದ್ಧ ಸಸ್ಯಾಹಾರ’ ಎಂದು ಬರೆಯುತ್ತಾರೆ. ಈ ಭಾಗದಲ್ಲಿ ಆ ಮಾತಿಗೆ ಬೇರೆಯೇ ಅರ್ಥವಿರುವುದರಿಂದ ಗೊಂದಲ ಅಲ್ಲಿಂದಲೇ ಆರಂಭವಾಗುತ್ತದೆ.

ಎಲೆಯುಳ್ಳ ‘ವಿ’ ಮುದ್ರೆ

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ವೀಗನ್ ಆಹಾರಕ್ಕಾಗಿ ಪ್ರತ್ಯೇಕ ಮುದ್ರೆಯನ್ನು 2021ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆ ಮಾಡಿತು. ಎಲೆಯೊಡನೆ ಕೂಡಿದ ಹಸಿರು ‘ವಿ’ ಅಕ್ಷರ, ಅದರಡಿ ಇಂಗ್ಲಿಷಿನಲ್ಲಿ ‘ವೀಗನ್’ ಎಂಬ ಪದ. ಮರುವರ್ಷ, 2022ರಲ್ಲಿ, ವೀಗನ್ ಆಹಾರ ನಿಯಮಗಳು ಪ್ರಕಟವಾದವು. ಅವುಗಳ ಪ್ರಕಾರ ಪದಾರ್ಥಗಳಲ್ಲಿ ಮಾತ್ರವಲ್ಲ, ಸೇರಿಸುವ ಸಂಯೋಜಕಗಳು, ಪರಿಮಳದ್ರವ್ಯ, ಕಿಣ್ವ, ತಯಾರಿಕೆಯ ವೇಳೆ ಬಳಸಿ ತೆಗೆದುಹಾಕುವ ಸಾಮಗ್ರಿ ಇವುಗಳಲ್ಲಿಯೂ ಯಾವ ಹಂತದಲ್ಲೂ ಪ್ರಾಣಿಮೂಲದ್ದೇನೂ ಇರಕೂಡದು. ಪ್ರಾಣಿಗಳ ಮೇಲೆ ಪರೀಕ್ಷೆ ನಡೆಸಿರಕೂಡದು. ಮುದ್ರೆಯನ್ನು ತಯಾರಕರು ತಾವಾಗಿಯೇ ಹಾಕಿಕೊಳ್ಳುವಂತಿಲ್ಲ. ಪ್ರಾಧಿಕಾರದ ಅನುಮೋದನೆ ಪಡೆಯಬೇಕು.

ಆದರೆ ‘ಎಗ್‌ಲೆಸ್’ ಎಂಬುದಕ್ಕೆ ಮೊಟ್ಟೆ ಇಲ್ಲ ಎಂಬಷ್ಟೇ ಅರ್ಥ. ಮೊಟ್ಟೆಯಿಲ್ಲದ ಕೇಕಿಗೆ ಮೃದುತ್ವ ಬರಲು ಸಾಮಾನ್ಯವಾಗಿ ಮೊಸರು, ಹಾಲಿನಪುಡಿ ಅಥವಾ ಗಟ್ಟಿಹಾಲು ಹಾಕುತ್ತಾರಾದ್ದರಿಂದ ಎಗ್‌ಲೆಸ್ ಕೇಕಿನಲ್ಲಿ ಹಾಲಿನ ಅಂಶ ಮಾಮೂಲಿ ಕೇಕಿಗಿಂತ ಹೆಚ್ಚಿರುವ ಸಾಧ್ಯತೆಯೂ ಉಂಟು. ‘100% ವೆಜ್’ ಎಂಬುದು ಹಸಿರು ಚುಕ್ಕಿಯನ್ನೇ ಮತ್ತೊಮ್ಮೆ ಅಕ್ಷರಗಳಲ್ಲಿ ಹೇಳಿದಂತೆ. ‘ಬಟರ್ ಖಾರಿ’ಯ ಕಥೆ ಇದಕ್ಕೆ ತಿರುವುಮುರುವು: ಹೆಸರಿನಲ್ಲಿ ಬೆಣ್ಣೆಯಿದ್ದರೂ ಪದರಗಳ ನಡುವೆ ಇರುವುದು ಹಲವೊಮ್ಮೆ ವನಸ್ಪತಿ ಅಥವಾ ಮಾರ್ಗರಿನ್. ಬೆಣ್ಣೆಗೆ ಹಣ ಕೊಟ್ಟವರು ದೂರಬೇಕಾದ ವಿಷಯ ಅದು, ಹಾಲು ಬಿಟ್ಟವರಲ್ಲ!

ಸಂಖ್ಯೆಗಳ ಭಯ

ಮೊಬೈಲುಗಳಲ್ಲಿ ವರ್ಷಕ್ಕೊಮ್ಮೆಯಾದರೂ ಒಂದು ಸಂದೇಶ ಸುತ್ತುತ್ತದೆ. ಬಿಸ್ಕತ್ತಿನ ಪೊಟ್ಟಣದ ಮೇಲೆ 471 ಎಂದಿದ್ದರೆ ಅದು ಹಂದಿಯ ಕೊಬ್ಬು ಎಂಬುದು ಅದರ ಸಾರ. ವಾಸ್ತವ ಬೇರೆ. 471 ಎಂದರೆ ಮೋನೋ ಮತ್ತು ಡೈಗ್ಲಿಸರೈಡ್‌ಗಳು, ಅಂದರೆ ಎಣ್ಣೆ ಮತ್ತು ನೀರನ್ನು ಬೆರೆತಿರುವಂತೆ ಹಿಡಿದಿಡುವ ವಸ್ತು. ಅದನ್ನು ಪ್ರಾಣಿಕೊಬ್ಬಿನಿಂದಲೂ ತಯಾರಿಸಬಹುದು, ತಾಳೆ ಅಥವಾ ಸೋಯಾ ಎಣ್ಣೆಯಿಂದಲೂ ತಯಾರಿಸಬಹುದು. ಸಂಖ್ಯೆ ವಸ್ತುವನ್ನು ಸೂಚಿಸುತ್ತದೆ, ಮೂಲವನ್ನಲ್ಲ. 322 ಸಂಖ್ಯೆಯ ಲೆಸಿಥಿನ್ ಕೂಡ ಸೋಯಾದಿಂದಲೂ ಬರಬಹುದು, ಮೊಟ್ಟೆಯಿಂದಲೂ ಬರಬಹುದು.

ಇಲ್ಲಿಯೇ ಹಸಿರು ಚುಕ್ಕಿ ಉಪಯೋಗಕ್ಕೆ ಬರುತ್ತದೆ. ಪ್ರಾಣಿಕೊಬ್ಬಿನ 471 ಅಥವಾ ಮೊಟ್ಟೆಯ 322 ಬಳಸಿದ ತಿನಿಸಿಗೆ ಹಸಿರು ಚುಕ್ಕಿ ಹಾಕುವುದು ಕಾನೂನಿನ ಉಲ್ಲಂಘನೆ. ದೆಹಲಿ ಹೈಕೋರ್ಟ್ 2021ರ ಡಿಸೆಂಬರ್‌ನಲ್ಲಿ ಈ ವಿಷಯವನ್ನು ಖಚಿತಪಡಿಸಿತು: ಪ್ರಾಣಿಮೂಲದ ಅಂಶ ಎಷ್ಟೇ ಅಲ್ಪ ಪ್ರಮಾಣದಲ್ಲಿದ್ದರೂ ಆ ಆಹಾರ ಮಾಂಸಾಹಾರವೇ, ಪದಾರ್ಥವನ್ನು ಸಂಖ್ಯೆಯಲ್ಲಿ ತಿಳಿಸಿದರೆ ಸಾಲದು, ಅದರ ಮೂಲ ಸಸ್ಯವೋ ಪ್ರಾಣಿಯೋ ಪ್ರಯೋಗಾಲಯವೋ ಎಂಬುದನ್ನೂ ತಿಳಿಸಬೇಕು ಎಂದು ನ್ಯಾಯಾಲಯ ಹೇಳಿತು. ಅದೇ ತಿಂಗಳು ಪ್ರಾಧಿಕಾರ ಇದಕ್ಕೆ ಸಂಬಂಧಿಸಿದ ಸೂಚನೆ ಹೊರಡಿಸಿತು. ಆದ್ದರಿಂದ ಹಸಿರು ಚುಕ್ಕಿಯಿರುವ ಬಿಸ್ಕತ್ತಿನಲ್ಲಿ 471 ಕಂಡು ಗಾಬರಿಯಾಗಬೇಕಿಲ್ಲ.

ಹಾಗೆಯೇ 481ರ ಹೆಸರಿನಲ್ಲಿ ‘ಲ್ಯಾಕ್ಟಿಲೇಟ್’ ಎಂದಿದ್ದರೂ ಅದು ಹಾಲಲ್ಲ. ಅದಕ್ಕೆ ಬಳಸುವ ಲ್ಯಾಕ್ಟಿಕ್ ಆಮ್ಲವನ್ನು ಸಾಮಾನ್ಯವಾಗಿ ಸಕ್ಕರೆ, ಪಿಷ್ಟಗಳನ್ನು ಹುದುಗಿಸಿ ಪಡೆಯುತ್ತಾರೆ. ಈಸ್ಟ್ ಒಂದು ಶಿಲೀಂಧ್ರ; ವೀಗನ್ ನಿಯಮಕ್ಕೆ ಅದರಿಂದ ಬಾಧೆಯಿಲ್ಲ.

ಸಕ್ಕರೆಯ ಬಗೆಗಿನ ಸಂಶಯವೂ ಹೊರಗಿನಿಂದ ಬಂದದ್ದು. ಕೆಲವು ಪಾಶ್ಚಾತ್ಯ ದೇಶಗಳಲ್ಲಿ ಕಬ್ಬಿನ ಸಕ್ಕರೆಯನ್ನು ಬಿಳುಪಾಗಿಸಲು ದನದ ಮೂಳೆಯ ಇದ್ದಿಲಿನ ಮೂಲಕ ಸೋಸುವ ಪದ್ಧತಿಯಿದೆ. ಅಲ್ಲಿನ ವೀಗನ್ನರು ಸಕ್ಕರೆಯನ್ನೂ ವಿಚಾರಿಸಿ ಕೊಳ್ಳುವುದು ಅದಕ್ಕಾಗಿ. ನಮ್ಮ ಕಾರ್ಖಾನೆಗಳಲ್ಲಿ ರೂಢಿಯಲ್ಲಿರುವುದು ಕಬ್ಬಿನ ಹಾಲಿಗೆ ಸುಣ್ಣ ಮತ್ತು ಗಂಧಕದ ಹೊಗೆ ಕೊಟ್ಟು ತಿಳಿಗೊಳಿಸುವ ವಿಧಾನ. ಕಿತ್ತೂರಿನ ಸಮೀಪದ ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಯ ಚಿಮಣಿಯನ್ನು ನೋಡುತ್ತ ಬೆಳೆದ ಈ ಭಾಗದ ಕಬ್ಬು ಬೆಳೆಗಾರರಿಗೆ ಗಂಧಕದ ಸಂಗತಿ ಹೊಸದೇನಲ್ಲ.

ಹೀಗೆ ಒಂದೊಂದನ್ನೇ ಕಳೆಯುತ್ತ ಹೋದರೆ, ಹಸಿರು ಚುಕ್ಕಿಯ ತಿನಿಸಿಗೂ ವೀಗನ್ ತಿನಿಸಿಗೂ ನಮ್ಮಲ್ಲಿ ಮುಖ್ಯವಾಗಿ ಉಳಿಯುವ ಅಂತರ ಹಾಲು ಮತ್ತು ಜೇನು. ಜನ ಹೆದರುವುದು ಸಂಖ್ಯೆಗಳಿಗೆ. ನೋಡಬೇಕಾದದ್ದು ಮಾತ್ರ ಸಾಮಾನ್ಯ ಪದಗಳನ್ನು.

ಯಾರಿಗೆ ಇದು ಮುಖ್ಯ?

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ತಮ್ಮನ್ನು ವೀಗನ್ ಎಂದು ಕರೆದುಕೊಳ್ಳುವವರನ್ನು ಹುಡುಕಬೇಕಾದೀತು. ಆದರೂ ಪ್ರಶ್ನೆ ದೂರದ್ದಲ್ಲ. ಜೈನ ಮನೆತನಗಳಲ್ಲಿ ಜೇನು ನಿಷಿದ್ಧ. ‘ಹನಿ’ ಎಂದು ಬರೆದ ಓಟ್ಸ್ ಬಿಸ್ಕತ್ತಿಗೂ ಹಸಿರು ಚುಕ್ಕಿಯೇ ಇರುತ್ತದೆ. ಅದೇ ಕುಟುಂಬದವರು ಬಿಡುವ ಉಳ್ಳಾಗಡ್ಡಿ, ಬಳ್ಳೊಳ್ಳಿ, ಗಡ್ಡೆಗಳ ವಿಷಯದಲ್ಲಿ ಹಸಿರು ಚುಕ್ಕಿಯೂ ವೀಗನ್ ಮುದ್ರೆಯೂ ಏನೂ ಹೇಳವು. ಮಸಾಲೆ ಟೋಸ್ಟಿನ ಪಟ್ಟಿಯನ್ನು ಅವರು ಓದಲೇಬೇಕು.

ಇದಕ್ಕಿಂತ ಗಂಭೀರವಾದದ್ದು ಹಾಲಿನ ಅಲರ್ಜಿ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದೆ ಹೊಟ್ಟೆ ಉಬ್ಬರಿಸುವುದು ಒಂದು. ಹಾಲಿನ ಪ್ರೋಟೀನಿಗೆ ದೇಹದ ರೋಗನಿರೋಧಕ ವ್ಯವಸ್ಥೆಯೇ ತಿರುಗಿಬೀಳುವ ಅಲರ್ಜಿ ಇನ್ನೊಂದು. ಮೊದಲಿನವರಿಗೆ ಒಂದೆರಡು ಬಿಸ್ಕತ್ತಿನಲ್ಲಿರುವ ಹಾಲು ಬಹುಶಃ ಬಾಧಿಸದು. ಎರಡನೆಯವರಿಗೆ, ವಿಶೇಷವಾಗಿ ಚಿಕ್ಕ ಮಕ್ಕಳಿಗೆ, ಲವಲೇಶವೂ ಅಪಾಯ ತರಬಲ್ಲದು. ವೈದ್ಯರು ‘ಹಾಲು ಬಿಡಿಸಿ’ ಎಂದು ಹೇಳಿದ ಮಗುವಿಗೆ ಹಸಿರು ಚುಕ್ಕಿ ನೋಡಿ ಗ್ಲೂಕೋಸ್ ಬಿಸ್ಕತ್ತು ಕೊಡುವುದು ಸುಲಭವಾಗಿ ಆಗಬಹುದಾದ ಪ್ರಮಾದ.

ಅಂಥವರು ವೀಗನ್ ಮುದ್ರೆಯನ್ನೂ ಪೂರ್ತಿ ನಂಬುವಂತಿಲ್ಲ. 2017ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಬಾತ್ ನಗರದಲ್ಲಿ ಹಾಲಿನ ತೀವ್ರ ಅಲರ್ಜಿಯಿದ್ದ 42 ವರ್ಷದ ಮಹಿಳೆಯೊಬ್ಬರು ತರಕಾರಿ ತುಂಬಿದ ರೊಟ್ಟಿಯೊಂದನ್ನು ತಿಂದು ಅಸುನೀಗಿದರು. ಅದರಲ್ಲಿ ಬಳಸಿದ್ದ ತೆಂಗಿನ ಮೊಸರು ‘ಹಾಲುರಹಿತ’ವೆಂದೇ ಮಾರಾಟವಾಗಿತ್ತು. ಅದಕ್ಕೆ ಸೇರಿಸಿದ್ದ ಪಿಷ್ಟದಲ್ಲಿ ಹಾಲಿನ ಪ್ರೋಟೀನು ಬೆರೆತಿತ್ತೆಂದು 2022ರ ವಿಚಾರಣೆಯಲ್ಲಿ ತಿಳಿದುಬಂತು. 2024ರಲ್ಲಿ ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ ವೀಗನ್ ಎಂಬ ಪದವನ್ನು ಅಲರ್ಜಿಯ ರಕ್ಷಣೆಯೆಂದು ಭಾವಿಸಬೇಡಿ ಎಂದು ಪ್ರಚಾರವನ್ನೇ ನಡೆಸಿತು. ವೀಗನ್ ಎಂಬುದು ತಯಾರಕರು ಏನನ್ನು ಹಾಕಿಲ್ಲ ಎಂಬುದರ ಮಾತು. ಅದೇ ಯಂತ್ರದಲ್ಲಿ ಹಿಂದಿನ ಪಾಳಿಯಲ್ಲಿ ಹಾಲಿನ ಬಿಸ್ಕತ್ತು ತಯಾರಾಗಿದ್ದರೆ ಉಳಿದ ಪುಡಿಯ ಸಂಗತಿ ಬೇರೆ.

ಅಲರ್ಜಿಯವರು ನೋಡಬೇಕಾದ ಸಾಲು ಪದಾರ್ಥಪಟ್ಟಿಯ ಕೆಳಗಿರುತ್ತದೆ, ಸಾಮಾನ್ಯವಾಗಿ ದಪ್ಪ ಅಕ್ಷರಗಳಲ್ಲಿ. ‘ಕಂಟೇನ್ಸ್’ ಎಂದು ಆರಂಭವಾಗುವ ಆ ಸಾಲಿನಲ್ಲಿ ಗೋಧಿಯಂಥ ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಶೇಂಗಾ ಮತ್ತು ಗೋಡಂಬಿಯಂಥ ಬೀಜಗಳು, ಸೋಯಾ ಮುಂತಾದವು ಇದ್ದರೆ 2020ರ ನಿಯಮಗಳ ಪ್ರಕಾರ ತಿಳಿಸಲೇಬೇಕು. ‘ಮೇ ಕಂಟೇನ್’ ಎಂದಿದ್ದರೆ ಬೆರೆತಿರುವ ಸಾಧ್ಯತೆ ಇದೆ ಎಂದರ್ಥ. ಮೇಲಿನ ಪದಾರ್ಥಪಟ್ಟಿಯಲ್ಲಿ ಹಾಲು ಹಲವು ವೇಷಗಳಲ್ಲಿ ಬರುತ್ತದೆ: ಮಿಲ್ಕ್ ಸಾಲಿಡ್ಸ್, ವ್ಹೇ ಪೌಡರ್, ಕೇಸೀನ್, ಬಟರ್ ಆಯಿಲ್, ಲ್ಯಾಕ್ಟೋಸ್. ಆ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರುವುದರಿಂದ ಹಾಲು ಕೊನೆಯಲ್ಲಿದ್ದರೆ ಅದರ ಪ್ರಮಾಣ ಕಡಿಮೆ.

ಕನ್ನಡದಲ್ಲಿ ಏಕಿಲ್ಲ?

ಇಷ್ಟೆಲ್ಲ ಓದುವವರು ಯಾರು ಎಂಬುದೇ ಇಲ್ಲಿಯ ನಿಜವಾದ ತೊಡಕು. ಲೇಬಲ್ಲಿನ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕೆಂಬುದು ನಿಯಮ. ಬೇರೆ ಭಾಷೆಯನ್ನು ಜೊತೆಗೆ ಬಳಸಲು ಅಡ್ಡಿಯಿಲ್ಲ, ಆದರೆ ಕಡ್ಡಾಯವೂ ಇಲ್ಲ. ರಾಮದುರ್ಗದ ನೇಕಾರ ಮಹಿಳೆಗೆ ಕನ್ನಡ ಚೆನ್ನಾಗಿ ಓದಲು ಬಂದರೂ ತನ್ನ ಮಗು ತಿನ್ನುವ ಬಿಸ್ಕತ್ತಿನಲ್ಲಿ ಹಾಲಿದೆಯೇ ಎಂಬುದು ಆ ಪೊಟ್ಟಣದಿಂದ ತಿಳಿಯುವುದಿಲ್ಲ. ಆಕೆಗೆ ಓದಲು ಸಿಗುವುದು ಚುಕ್ಕಿಯೊಂದೇ. ಆ ಚುಕ್ಕಿ ಹಾಲಿನ ವಿಷಯದಲ್ಲಿ ಮೌನವಾಗಿದೆ. ಕನಿಷ್ಠ ಅಲರ್ಜಿಯ ಒಂದು ಸಾಲನ್ನಾದರೂ ಮಾರಾಟವಾಗುವ ರಾಜ್ಯದ ಭಾಷೆಯಲ್ಲಿ ಮುದ್ರಿಸುವುದು ತಯಾರಕರಿಗೆ ದೊಡ್ಡ ಹೊರೆಯೇನಲ್ಲ. ಜಾಹೀರಾತಿಗೆ ಕನ್ನಡ ಬಳಸಲು ಅವರಿಗೆ ಎಂದೂ ಕಷ್ಟವಾದದ್ದಿಲ್ಲ.

ಇನ್ನೊಂದು ಸಂದು ಚಿಕ್ಕ ಪೊಟ್ಟಣಗಳದು. ಹೊರಮೈ 100 ಚದರ ಸೆಂಟಿಮೀಟರ್ ಮೀರದ ಪೊಟ್ಟಣಗಳಿಗೆ ಪದಾರ್ಥಪಟ್ಟಿಯಿಂದ ವಿನಾಯಿತಿಯಿದೆ. ಆ ವಿವರ ಅವುಗಳನ್ನು ಕಟ್ಟಿದ ದೊಡ್ಡ ಪೊಟ್ಟಣದ ಮೇಲಿದ್ದರೆ ಸಾಕು. ಅಂಗಡಿಯವರು ದೊಡ್ಡದನ್ನು ಬಿಚ್ಚಿ ಮಾಲೆ ಮಾಡಿ ತೂಗುಹಾಕಿದ ಬಳಿಕ ಆ ಹೊದಿಕೆ ಎಲ್ಲಿ ಹೋಗುತ್ತದೆ ಎಂಬುದನ್ನು ಹೇಳಬೇಕಿಲ್ಲ. ಇನ್ನು ಸ್ಥಳೀಯ ಬೇಕರಿಯಲ್ಲಿ ತೂಗಿಕೊಡುವ ನಾನ್‌ಕಟಾಯಿ, ಪಾವ್, ಕ್ರೀಮ್ ರೋಲುಗಳಿಗೆ ಪೊಟ್ಟಣದ ಲೇಬಲ್ಲೇ ಇಲ್ಲ. ಅಲ್ಲಿ ಹಳೆಯ ಪದ್ಧತಿಯೇ ಗತಿ, ಕೇಳಿ ತಿಳಿಯುವುದು. ತತ್ತಿಯ ಜೊತೆಗೆ ಹಾಲಿನಪುಡಿಯನ್ನೂ ಕೇಳಬೇಕು.

ವಿಚಿತ್ರವೆಂದರೆ, ನಿಯಮದ ವ್ಯಾಖ್ಯಾನಕ್ಕೆ ಅಕ್ಷರಶಃ ಒಪ್ಪುವ ತಿನಿಸು ಇಲ್ಲಿನ ಮನೆಮನೆಯಲ್ಲಿದೆ. ಜೋಳದ ಕಡಕ್ ರೊಟ್ಟಿಯಲ್ಲಿ ಹಿಟ್ಟು, ನೀರು ಬಿಟ್ಟರೆ ಬಹಳವೆಂದರೆ ಉಪ್ಪು. ಮಹಿಳಾ ಸಂಘಗಳು ಅದನ್ನು ಪೊಟ್ಟಣ ಕಟ್ಟಿ ಮಾರುತ್ತಿವೆ. ಎಲೆಯುಳ್ಳ ‘ವಿ’ ಮುದ್ರೆ ಬೇಕೆಂದರೆ ಅವರೂ ಪ್ರಾಧಿಕಾರಕ್ಕೆ ಅರ್ಜಿ ಹಾಕಿ ಅನುಮೋದನೆ ಪಡೆಯಬೇಕು. ವೀಗನ್ ಎಂದ ಮಾತ್ರಕ್ಕೆ ಆರೋಗ್ಯಕರವೆಂದೂ ಅಲ್ಲ. ಮೈದಾ, ಸಕ್ಕರೆ, ತಾಳೆ ಎಣ್ಣೆಯಷ್ಟೇ ಇರುವ ಬಿಸ್ಕತ್ತಿಗೂ ಆ ಮುದ್ರೆ ಸಿಗಬಹುದು.

ತಪ್ಪು ಮುದ್ರೆ ಅಥವಾ ತಪ್ಪು ವಿವರ ಕಂಡುಬಂದರೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳಿಗೆ, ಇಲ್ಲವೇ ಪ್ರಾಧಿಕಾರದ ಶುಲ್ಕರಹಿತ ದೂರವಾಣಿ 1800112100ಕ್ಕೆ ದೂರು ಕೊಡಬಹುದು. ತಪ್ಪು ಲೇಬಲ್ಲಿಗೆ ಕಾಯ್ದೆಯ 52ನೇ ಕಲಮಿನಡಿ 3 ಲಕ್ಷ ರೂಪಾಯಿಗಳವರೆಗೆ ದಂಡವಿದೆ. ದೂರು ಕೊಡುವವರು ಪೊಟ್ಟಣದ ಹೊದಿಕೆಯನ್ನು ಎಸೆಯದೆ ಇಟ್ಟುಕೊಳ್ಳಬೇಕು. ಅದರ ಮೇಲಿರುವ 14 ಅಂಕಿಗಳ ಪರವಾನಗಿ ಸಂಖ್ಯೆ, ತಂಡದ ಸಂಖ್ಯೆ ಮತ್ತು ತಯಾರಿಕೆಯ ದಿನಾಂಕ ವಿಚಾರಣೆಗೆ ಬೇಕಾಗುತ್ತವೆ.