‘ಟಿಂಬರ್’ ಶಬ್ದದ ಅರ್ಥವಿಚಾರ

ಕನ್ನಡದಲ್ಲಿ ಮರವೆಂಬ ಶಬ್ದವು ಬೇರೂರಿ ನಿಂತಿರುವ ವೃಕ್ಷಕ್ಕೂ, ಅದನ್ನು ಕಡಿದು ಸೀಳಿದ ಮೇಲೆ ದೊರೆಯುವ ದ್ರವ್ಯಕ್ಕೂ ಸಮಾನವಾಗಿ ಸಲ್ಲುತ್ತದೆ. ಮರದ ನೆರಳು, ಮರದ ಪೆಟ್ಟಿಗೆ ಎಂಬ ಪ್ರಯೋಗಗಳಲ್ಲಿ ಅರ್ಥವು ಬೇರೆಬೇರೆಯಾದರೂ ಕನ್ನಡಿಗನಿಗೆ ಯಾವ ತೊಡಕೂ ತೋರುವುದಿಲ್ಲ. ಇಂಗ್ಲಿಷಿನಲ್ಲಿ ಈ ಎಡೆಯನ್ನು ಟ್ರೀ, ವುಡ್, ಟಿಂಬರ್ ಎಂಬ ಮೂರು ಶಬ್ದಗಳು ಹಂಚಿಕೊಂಡಿವೆ. ಇವು ಪರ್ಯಾಯಪದಗಳಲ್ಲ. ಕಾಯಿದೆಗಳನ್ನೂ ಕ್ರಯಪತ್ರಗಳನ್ನೂ ಕನ್ನಡಿಸುವವರು ಮೂರಕ್ಕೂ ಮರವೆಂದೇ ಬರೆದರೆ ಕೆಲವೆಡೆ ಅರ್ಥದೊಡನೆ ಆಸ್ತಿಯ ಹಕ್ಕೂ ಮಾರ್ಪಡುವ ಸಂಭವವುಂಟು.

ಈ ವಿಂಗಡಣೆ ಇಂಗ್ಲಿಷಿನಲ್ಲಿಯೂ ಆದಿಯಿಂದ ಇದ್ದುದಲ್ಲ. ಟ್ರೀ ಶಬ್ದವು ಸಂಸ್ಕೃತದ ದಾರು, ದ್ರು ಎಂಬವುಗಳಿಗೆ ಜ್ಞಾತಿ. ಹಳೆಯ ಇಂಗ್ಲಿಷಿನಲ್ಲಿ ಅದು ನಮ್ಮ ಮರದಂತೆಯೇ ವೃಕ್ಷವನ್ನೂ ದ್ರವ್ಯವನ್ನೂ ಸೂಚಿಸುತ್ತಿತ್ತು. ಆ ಅರ್ಥದ ಪಳೆಯುಳಿಕೆಗಳು ಕೆಲವು ಸಮಾಸಗಳಲ್ಲಿ ಇನ್ನೂ ಕಾಣಸಿಗುತ್ತವೆ. ಬಂಡಿಯ ಅಚ್ಚಿನ ಮರಕ್ಕೆ ಆಕ್ಸಲ್-ಟ್ರೀ ಎಂದೂ, ಮಾಡಿನ ನೆತ್ತಿಯ ತೊಲೆಗೆ ರೂಫ್-ಟ್ರೀ ಎಂದೂ ಹೆಸರು. ನಮ್ಮ ರೈತರು ಏತದ ಮರ ಎನ್ನುವುದು ಇದೇ ಜಾಡಿನ ಪ್ರಯೋಗ. ವುಡ್ ಎಂಬುದಾದರೋ ಕಾಡು, ದ್ರವ್ಯ ಎಂಬ ಎರಡು ಅರ್ಥಗಳನ್ನು ಇಂದಿಗೂ ಉಳಿಸಿಕೊಂಡಿದೆ. ಅದರ ಹಿಂದೆ ‘ಎ’ ಎಂಬ ಉಪಪದವು ಬಂದರೆ ಚಿಕ್ಕದೊಂದು ತೋಪು ಅಥವಾ ಅಡವಿ; ಉಪಪದವಿಲ್ಲದೆ ಬಂದರೆ ಬಹುಮಟ್ಟಿಗೆ ದ್ರವ್ಯ. ಇದರಿಂದ ಹುಟ್ಟಿದ ವುಡನ್ ಎಂಬ ವಿಶೇಷಣವನ್ನು ಭಾವಶೂನ್ಯವಾದ ಮುಖಕ್ಕೂ ಬಿಗಿದುಕೊಂಡ ನಡೆಗೂ ಹೇಳುವರು. ಕನ್ನಡದಲ್ಲಿ ಮರಗಟ್ಟುವುದು ಕೈಕಾಲುಗಳು. ಅಲ್ಲಿ ಇಲ್ಲವಾಗುವುದು ಭಾವವಲ್ಲ, ಸ್ಪರ್ಶಜ್ಞಾನ. ಒಂದೇ ದ್ರವ್ಯದಿಂದ ಎರಡು ಭಾಷೆಗಳು ಬೇರೆಬೇರೆ ಜಡತೆಯನ್ನು ಎತ್ತಿಕೊಂಡಿರುವುದು ಸ್ವಾರಸ್ಯವಾಗಿದೆ.

ಇನ್ನು ಟಿಂಬರ್. ಹಳೆಯ ಇಂಗ್ಲಿಷಿನಲ್ಲಿ ಇದರ ಅರ್ಥ ಕಟ್ಟಡ, ಮನೆ ಎಂದು. ಜರ್ಮನ್ ಭಾಷೆಯಲ್ಲಿ ಕೋಣೆಯೆಂಬ ಅರ್ಥವುಳ್ಳ ಜಿಮರ್ ಶಬ್ದವು ಇದರ ಒಡಹುಟ್ಟು. ಲ್ಯಾಟಿನಿನ ಡೋಮುಸ್, ವೇದಭಾಷೆಯಲ್ಲಿ ಮನೆಯೆಂಬ ಅರ್ಥದಲ್ಲಿ ಬರುವ ದಮ, ಮನೆಯ ಒಡೆಯನೆಂಬ ಅರ್ಥದಿಂದ ಹೊರಟು ಗಂಡಹೆಂಡಿರಿಗೆ ನಿಂತ ದಂಪತಿ, ಇವೆಲ್ಲವೂ ಒಂದೇ ಮೂಲದವು. ಮನೆಯೆಂಬುದರಿಂದ ಮನೆ ಕಟ್ಟುವ ಸಾಮಗ್ರಿಗೆ, ಸಾಮಗ್ರಿಯಿಂದ ಅದನ್ನು ಕೊಡುವ ನಿಂತ ಮರಕ್ಕೆ ಅರ್ಥವು ಸರಿದುಬಂದಿತು. ಆದುದರಿಂದ ಟಿಂಬರ್ ಎಂಬುದು ಒಂದು ಜಾತಿಯ ವಸ್ತುವಿನ ಹೆಸರಲ್ಲ. ಮನುಷ್ಯನ ಉದ್ದೇಶದ ಹೆಸರು. ಒಲೆಗೆ ಇಡುವ ಕೊರಡು ವುಡ್ ಆಗಬಹುದು, ಟಿಂಬರ್ ಆಗಲಾರದು.

ಈ ಉದ್ದೇಶವನ್ನು ಅಳೆದು ಗೆರೆಯೆಳೆಯುವ ಕೆಲಸವು ನ್ಯಾಯಾಲಯಗಳ ಪಾಲಿಗೆ ಬಂದಿತು. ಇಂಗ್ಲೆಂಡಿನಲ್ಲಿ ತನ್ನ ಜೀವಮಾನದ ಮಟ್ಟಿಗೆ ಮಾತ್ರ ಭೂಮಿಯನ್ನು ಅನುಭವಿಸುವವನು ಅಲ್ಲಿಯ ಟಿಂಬರನ್ನು ಕಡಿಯುವಂತಿರಲಿಲ್ಲ. ಅದು ಮುಂದಿನ ಹಕ್ಕುದಾರನ ಸ್ವತ್ತಿಗೆ ಮಾಡಿದ ನಷ್ಟವೆನಿಸುತ್ತಿತ್ತು. ಆದರೆ ಉಳಿದ ಮರಗಳಿಗೆ ಈ ನಿರ್ಬಂಧವು ಅಷ್ಟು ಬಿಗಿಯಾಗಿರಲಿಲ್ಲ. ಹಾಗಾದರೆ ಟಿಂಬರ್ ಯಾವುದು? 1874ರ ಹನಿವುಡ್ ಮೊಕದ್ದಮೆಯಲ್ಲಿ ಸರ್ ಜಾರ್ಜ್ ಜೆಸೆಲ್ ಅವರು ಈ ನಿಯಮವನ್ನು ಸ್ಪಷ್ಟಪಡಿಸಿದರು: ಓಕ್, ಆ್ಯಷ್, ಎಲ್ಮ್ ಎಂಬ ಮೂರು ಜಾತಿಯ ಮರಗಳು ಇಪ್ಪತ್ತು ವರ್ಷ ತುಂಬಿ, ಮುಪ್ಪಿನಿಂದ ನಿರುಪಯುಕ್ತವಾಗದೆ ಇದ್ದರೆ ಟಿಂಬರ್ ಆಗುತ್ತವೆ. ಇವಲ್ಲದೆ ಸ್ಥಳದ ಸಂಪ್ರದಾಯದಿಂದ ಬೇರೆ ಮರಗಳೂ ಸೇರಬಹುದು. ಬಕಿಂಗ್‌ಹ್ಯಾಂಶೈರಿನಲ್ಲಿ ಬೀಚ್ ಮರವು ಹೀಗೆ ಟಿಂಬರ್ ಎನಿಸಿತ್ತು. ಒಂದು ಸೀಮೆಯಲ್ಲಿ ಟಿಂಬರ್ ಆದುದು ಪಕ್ಕದ ಸೀಮೆಯಲ್ಲಿ ಬರಿಯ ಮರವಾಗಿ ಉಳಿಯುವುದೆಂದರೆ, ನಿಘಂಟನ್ನು ನೋಡಿ ಇತ್ಯರ್ಥ ಮಾಡುವ ವಿಷಯ ಇದಲ್ಲವೆಂಬುದು ಸ್ಪಷ್ಟ.

ಈ ಶಬ್ದವು ಇಂಗ್ಲಿಷ್ ಕಾಯಿದೆಯೊಡನೆ ನಮ್ಮ ದೇಶಕ್ಕೂ ಬಂದಿತು. 1882ರ ಸ್ವತ್ತು ವರ್ಗಾವಣೆಯ ಅಧಿನಿಯಮದಲ್ಲಿ ‘ನಿಂತ ಟಿಂಬರ್’ ಸ್ಥಾವರ ಸ್ವತ್ತಲ್ಲವೆಂದು ಹೇಳಿದೆ. ಆದರೆ ನೆಲಕ್ಕೆ ಅಂಟಿಕೊಂಡ ಮರವು ಸ್ಥಾವರವೇ. ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಾವರದ ಕ್ರಯಕ್ಕೆ ನೋಂದಣಿಯಾದ ಪತ್ರ ಬೇಕು, ಜಂಗಮಕ್ಕೆ ಬೇಡ. ತನ್ನ ಹೊಲದಂಚಿನ ತೇಗವನ್ನು ವ್ಯಾಪಾರಿಗೆ ಮಾರಿದ ರೈತನು ಮಾರಿದ್ದು ಸ್ಥಾವರವನ್ನೋ ಜಂಗಮವನ್ನೋ ಎಂಬುದು ಹೀಗೆ ಒಂದು ಶಬ್ದದ ಮೇಲೆ ನಿಲ್ಲುತ್ತದೆ.

1958ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಶಾಂತಾಬಾಯಿ ಮೊಕದ್ದಮೆಯು ಇದಕ್ಕೆ ಒಳ್ಳೆಯ ನಿದರ್ಶನ. ಆ ಮಹಿಳೆಗೆ ಜಮೀನ್ದಾರಿ ಕಾಡುಗಳಿಂದ 1960ರವರೆಗೆ ಬಿದಿರು, ಸೌದೆ, ತೇಗಗಳನ್ನು ಕಡಿದೊಯ್ಯುವ ಹಕ್ಕು 1948ರ ಪತ್ರವೊಂದರಿಂದ ದೊರೆತಿತ್ತು, ಪತ್ರವು ನೋಂದಣಿಯಾಗಿರಲಿಲ್ಲ. ಆಕೆಯ ಅರ್ಜಿ ವಜಾ ಆಯಿತು. ನ್ಯಾಯಮೂರ್ತಿ ವಿವಿಯನ್ ಬೋಸರು ಪ್ರತ್ಯೇಕವಾಗಿ ಬರೆದ ಅಭಿಪ್ರಾಯದಲ್ಲಿ ಮರಕ್ಕೂ ನಿಂತ ಟಿಂಬರಿಗೂ ಇರುವ ಭೇದವನ್ನು ಬಿಡಿಸಿದ್ದಾರೆ. ಅವರ ವಿವರಣೆಯ ತಾತ್ಪರ್ಯವಿಷ್ಟು: ಮನೆ, ಸೇತುವೆ, ಹಡಗು ಮುಂತಾದವುಗಳಿಗೆ ಯೋಗ್ಯವಾಗಿರುವುದಷ್ಟೇ ಸಾಲದು, ಬೇಗನೆ ಕಡಿಯುವ ಸಂಕಲ್ಪವೂ ಇರಬೇಕು. ಇನ್ನೂ ಬಹುಕಾಲ ನೆಲದ ಸಾರವನ್ನು ಹೀರಿ ಬೆಳೆಯಲು ಬಿಟ್ಟರೆ ಅದು ಮರ, ಆದಕಾರಣ ಸ್ಥಾವರ. ಅದೇ ತೇಗವು, ಅದೇ ನೆಲದಲ್ಲಿ, ಕೊಡಲಿಯ ದಿನವು ಹತ್ತಿರವಾದೊಡನೆ ಕದಲದೆಯೇ ಜಂಗಮವಾಗುವುದು.

ಅರಣ್ಯದ ಕಾಯಿದೆಗಳಲ್ಲಿ ಗೆರೆಯು ಬೇರೆ ಕಡೆ ಬಿದ್ದಿದೆ. 1927ರ ಭಾರತೀಯ ಅರಣ್ಯ ಅಧಿನಿಯಮದಂತೆ, ಬಿದ್ದ ಅಥವಾ ಕಡಿದ ಮರವೆಲ್ಲವೂ ಟಿಂಬರ್. ರೂಪ ಕೊಟ್ಟಿದ್ದರೂ ಕೊಡದಿದ್ದರೂ ಒಂದೇ. ಟ್ರೀ ಎಂಬುದರೊಳಗೆ ತಾಳೆಯ ಜಾತಿ, ಬಿದಿರು, ಬೆತ್ತ, ಕಡಿದುಳಿದ ಮೋಟು ಎಲ್ಲವೂ ಅಡಗಿದ್ದುವು. ಸಸ್ಯಶಾಸ್ತ್ರದಲ್ಲಿ ಬಿದಿರು ಹುಲ್ಲು, ಕಾಯಿದೆಯಲ್ಲಿ ಮರ. ಮರವಾದುದರಿಂದ, ಕಡಿದೊಡನೆ ಟಿಂಬರ್. 2006ರ ಅರಣ್ಯ ಹಕ್ಕುಗಳ ಅಧಿನಿಯಮವು ಅದನ್ನು ಟಿಂಬರಲ್ಲದ ಕಿರು ಉತ್ಪನ್ನವೆಂದು ಎಣಿಸಿ ಕಾಡಿನವರಿಗೆ ಅದರ ಹಕ್ಕನ್ನು ಒಪ್ಪಿಸಿತು. ಬುಟ್ಟಿ ಹೆಣೆದು ಬಾಳುವವನ ಕೈಯಲ್ಲಿರುವ ಬಿದಿರಿಗೆ ಎರಡು ಕಾಯಿದೆಗಳಲ್ಲಿ ಎರಡು ಹೆಸರು! 2017ರ ತಿದ್ದುಪಡಿಯಲ್ಲಿ ಹಳೆಯ ಅಧಿನಿಯಮದ ಟ್ರೀ ಎಂಬುದರ ವಿವರಣೆಯಿಂದ ಬಿದಿರೆಂಬ ಪದವನ್ನು ತೆಗೆದುಹಾಕಲಾಯಿತು.

ಲಂಬರ್ ಶಬ್ದದ ವಿಷಯದಲ್ಲಿ ಇಷ್ಟು ಹೇಳಿದರೆ ಸಾಕು: ಇಂಗ್ಲೆಂಡಿನಲ್ಲಿ ಅದು ಮನೆಯ ಮೂಲೆಯಲ್ಲಿ ಬಿದ್ದಿರುವ ಹಳೆಯ ಸಾಮಾನು; ಉತ್ತರ ಅಮೆರಿಕದಲ್ಲಿ ಗರಗಸದಿಂದ ಕೊಯ್ದ ಮರ. ಬೀಮ್ ಎಂಬುದು ಮೊದಲು ವೃಕ್ಷವಾಗಿದ್ದು ಈಗ ತೊಲೆಯಾಗಿದೆ. ಬೋರ್ಡ್ ಎಂಬುದು ಹಲಗೆಯಿಂದ ಮೇಜಾಗಿ, ಮೇಜಿನಿಂದ ಅದರ ಸುತ್ತ ಕುಳಿತ ಅಧಿಕಾರಿಗಳ ಮಂಡಲಿಯಾಗಿದೆ.

ಟಿಂಬರಿಗೆ ಸಲ್ಲಬಹುದಾದ ಕನ್ನಡ ಪದಗಳಿಗೆ ಕೊರತೆಯಿಲ್ಲ. ಮಲೆನಾಡಿನವರ ನಾಟಾ, ಬಳಕೆಯಲ್ಲಿರುವ ಮರಮುಟ್ಟು, ಕಚೇರಿಯ ಭಾಷೆಗೆ ಪಾರಸಿಯಿಂದ ಬಂದ ಚೌಬೀನೆ, ಇವು ಮೂರೂ ಉಪಯೋಗದ ಉದ್ದೇಶವನ್ನು ಒಳಗೊಂಡಿವೆ. ಉತ್ತರದ ಜಿಲ್ಲೆಗಳಲ್ಲಿ ಕಟ್ಟಿಗೆಯೆಂದರೆ ಕುರ್ಚಿ ಬಾಗಿಲುಗಳ ದ್ರವ್ಯವೂ ಹೌದು. ಮೈಸೂರಿನ ಕಡೆ ಸೌದೆಯೆಂಬ ಭಾವನೆಯೇ ಮುಂದಾಗಿರುವುದರಿಂದ ಆ ಪದವು ಎಲ್ಲೆಡೆಗೂ ಹೊಂದದು. ಮೂರರಲ್ಲಿ ಮರಮುಟ್ಟು ಅರ್ಥಕ್ಕೆ ಹೆಚ್ಚು ಒಪ್ಪುವುದು. ಮುಟ್ಟೆಂದರೆ ಉಪಕರಣ, ಕೆಲಸಕ್ಕೆ ಒದಗುವ ವಸ್ತು. ಆದರೆ ಇದೂ ಚೌಬೀನೆಯೂ ಕಡಿದು ಕೆಡೆದ ಸಾಮಗ್ರಿಯನ್ನೇ ನೆನಪಿಗೆ ತರುತ್ತವೆ. 1882ರ ಅಧಿನಿಯಮದ ‘ನಿಂತ ಟಿಂಬರ್’ ಎಂಬುದಕ್ಕೆ ಇವಾವುವೂ ಪೂರ್ತಿಯಾಗಿ ಹೊಂದವು. ಅಲ್ಲಿ ‘ಕಡಿತಕ್ಕೆ ನಿಂತ ಮರ’ ಎಂದು ಬಿಡಿಸಿ ಬರೆಯುವುದೇ ಮೇಲು.